ಮಿಷನ್ ಹೇಳ್ತದೆ

ಬೆಳಗಿನ ಆರೂಕಾಲು. ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯ ಡೈರಿ ಮುಂದೆ ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಬಕೆಟ್ಟು, ಮುಚ್ಚಳ ಹಾಕಿದ ಬೋಸಿಗಳು ಸಾಲು ಹಿಡಿದಿವೆ. ತೂಕದ ತಟ್ಟೆಯ ಮೇಲಿಟ್ಟ ಪಾತ್ರೆಗೆ ಹಾಲು ಸುರಿದ ಕೂಡಲೇ ಕೆಂಪು ಅಂಕಿಗಳು ಗಿರಗಿರನೆ ಓಡಿ ನಿಲ್ಲುತ್ತವೆ: 6.42. ಸೆಕ್ರೆಟರಿ ಸಣ್ಣ ಲೋಟದಲ್ಲಿ ಒಂದಿಷ್ಟು ಹಾಲು ತೆಗೆದು ಪಕ್ಕದ ಡಬ್ಬಿಯ ನಳಿಗೆಗೆ ಹಿಡಿಯುತ್ತಾರೆ. ಡಬ್ಬಿ ಹಾಲನ್ನು ಹೀರಿಕೊಂಡು ಗುರ್ರೆನ್ನುತ್ತದೆ. ಒಂದು ನಿಮಿಷ ಆಗುವಷ್ಟರಲ್ಲಿ ಚೀಟಿ ಹೊರಬರುತ್ತದೆ. ತೂಕ, ಫ್ಯಾಟು, ಎಸ್‌ಎನ್‌ಎಫ್, ದರ, ಒಟ್ಟು ಹಣ ಎಲ್ಲವೂ ಅದರಲ್ಲಿದೆ.

‘ನೆನ್ನೆ ನಾಕಿತ್ತು. ಇವತ್ತು ಮೂರು ಆರು ಬಂದದೆ. ಅದೇ ಹಸ, ಅದೇ ಮೇವು. ಹೆಂಗೆ ಕಮ್ಮಿಯಾಯ್ತಣ್ಣ?’

‘ನಾನೇನ್ ಮಾಡ್ಲಕ್ಕ? ಮಿಷನ್ ಹೇಳ್ತದೆ.’

ಅಲ್ಲಿಗೆ ಮಾತು ನಿಂತಿತು. ಆ ಹೆಂಗಸು ಚೀಟಿಯನ್ನು ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಏನೂ ಇರಲಿಲ್ಲ.

‘ಮಿಷನ್ ಹೇಳ್ತದೆ’ ಎಂಬ ಈ ಮಾತನ್ನು ನಾನು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಕೇಳಿದ್ದೇನೆ. ಪಿರಿಯಾಪಟ್ಟಣದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಬೇಲಿನ ತೂಕ ಅರ್ಧ ಕಿಲೋ ಕಡಿಮೆ ಬಂದಾಗ ಕೇಳಿದೆ. ಕೆ.ಆರ್. ನಗರದ ರೈಸ್‌ಮಿಲ್ಲಿನಲ್ಲಿ ಕೆಟ್ಟ ಕಾಳಿನ ಜೊತೆಗೆ ಒಳ್ಳೆಯ ಕಾಳೂ ಕಸದ ಚೀಲಕ್ಕೆ ಹಾರಿ ಬಿದ್ದಾಗ ಕೇಳಿದೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಸೋಲಾರ್ ಬೇಲಿಯ ಪೆಟ್ಟಿಗೆ ಟಿಕ್‌ ಟಿಕ್ ಎನ್ನದೆ ಸುಮ್ಮನಾದಾಗಲೂ ಕೇಳಿದೆ. ನಮ್ಮ ದುಡಿಮೆಗೆ ಬೆಲೆ ಕಟ್ಟುವ, ನಮ್ಮ ಹೊಲ ಕಾಯುವ ಈ ಮಿಷನ್‌ಗಳ ಒಳಗೆ ಮಾತಾಡುತ್ತಿರುವುದು ಯಾರು? ಮುಚ್ಚಳ ಬಿಚ್ಚಿದರೆ ಹಸಿರು ಬೋರ್ಡಿನ ಮೇಲೆ ಜರಿಹುಳದಂತೆ ಎರಡೂ ಬದಿಗೆ ಕಾಲು ಚಾಚಿ ಕೂತಿರುವ ಕಪ್ಪು ತುಂಡು ಕಾಣುತ್ತದೆ. ಪಠ್ಯಪುಸ್ತಕ ಏನೇ ಹೆಸರು ಕೊಟ್ಟಿರಲಿ, ರಿಪೇರಿ ಅಂಗಡಿಯಲ್ಲಿ ಅದು ಐಸಿ. ಪೇಪರಿನವರ ಬಾಯಲ್ಲಿ ಚಿಪ್.

ಮೊದಲು ತೂಕವನ್ನೇ ನೋಡೋಣ. ಡೈರಿಯ ತಟ್ಟೆಯ ಕೆಳಗೆ ಒಂದು ಅಲ್ಯೂಮಿನಿಯಂ ದಿಂಡು ಇರುತ್ತದೆ. ಲೋಡ್ ಸೆಲ್ ಎನ್ನುತ್ತಾರೆ. ಹಾಲಿನ ಭಾರಕ್ಕೆ ಅದು ಬಾಗುತ್ತದೆ. ಕಣ್ಣಿಗೆ ಕಾಣುವಂತೆ ಏನೂ ಬಾಗುವುದಿಲ್ಲ, ಆದರೂ ಬಾಗುತ್ತದೆ. ದಿಂಡಿಗೆ ಅಂಟಿಸಿದ ತೆಳು ಲೋಹದ ಪಟ್ಟಿಗಳು ಆ ಬಾಗಿಗೆ ಹಿಗ್ಗಿ ಕುಗ್ಗಿದಾಗ ಅವುಗಳ ವಿದ್ಯುತ್ ರೋಧ ಚೂರು ಬದಲಾಗುತ್ತದೆ. ನೂರು ಕಿಲೋ ತೂಗಬಲ್ಲ ಇಂಥ ದಿಂಡಿಗೆ 5 ವೋಲ್ಟ್ ಕೊಟ್ಟರೆ, ಪೂರ್ತಿ ನೂರು ಕಿಲೋ ಹೇರಿದಾಗಲೂ ಅದು ಹೊರಡಿಸುವುದು ಸುಮಾರು 10 ಮಿಲಿವೋಲ್ಟ್ ಮಾತ್ರ. ಹಾಗಾದರೆ 10 ಗ್ರಾಂ ಹಾಲಿಗೆ ಎಷ್ಟು? ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಪಾಲು. ಟಾರ್ಚಿನ ಒಂದು ಶೆಲ್ಲಿನಲ್ಲಿರುವುದು ಒಂದೂವರೆ ವೋಲ್ಟ್. ಅದನ್ನು ಹದಿನೈದು ಲಕ್ಷ ಪಾಲು ಮಾಡಿ ಒಂದು ಪಾಲನ್ನು ಎತ್ತಿಕೊಂಡಂತೆ. ಅಕ್ಕಪಕ್ಕದಲ್ಲಿ ಮೋಟಾರು ಓಡುತ್ತಿರುತ್ತದೆ, ಟ್ಯೂಬ್‌ಲೈಟು ಮಿಣುಕುತ್ತಿರುತ್ತದೆ, ಜೇಬುಗಳಲ್ಲಿ ಮೊಬೈಲು ಗುಂಯ್‌ಗುಟ್ಟುತ್ತಿರುತ್ತದೆ. ಅಷ್ಟು ಗದ್ದಲದ ನಡುವೆ ಆ ಪಿಸುಮಾತನ್ನು ಹಿಡಿದು, ಹಿಗ್ಗಿಸಿ, ಅಂಕಿಯಾಗಿ ಬದಲಿಸಲು ಒಂದು ಐಸಿ ಕೂತಿದೆ. ಈಗ ಅಗ್ಗದ ತಕ್ಕಡಿಗಳಲ್ಲೂ ಬರುವ 24 ಬಿಟ್‌ನ ಪರಿವರ್ತಕ ಐಸಿ ತನಗೆ ಕೊಟ್ಟ ವ್ಯಾಪ್ತಿಯನ್ನು 1,67,77,216 ಮೆಟ್ಟಿಲುಗಳಾಗಿ ಸೀಳಿ ನೋಡುತ್ತದೆ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಆ ಐಸಿಗೆ ಕಿಲೋ ಎಂದರೇನೆಂದು ಗೊತ್ತಿಲ್ಲ. ಹಾಲೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ವೋಲ್ಟು ಒಂದೇ. ‘ಇಷ್ಟು ವೋಲ್ಟು ಬಂದರೆ ಇದು ಸೊನ್ನೆ, ಅಷ್ಟು ಬಂದರೆ ಅದು ಹತ್ತು ಕಿಲೋ’ ಎಂದು ಯಾರೋ ಒಬ್ಬರು ಪರೀಕ್ಷಿತ ತೂಕದ ಕಲ್ಲನ್ನು ತಟ್ಟೆಯ ಮೇಲಿಟ್ಟು ಕಲಿಸಿಕೊಟ್ಟಿರುತ್ತಾರೆ. ಆ ಪಾಠ ಪಕ್ಕದ ಇನ್ನೊಂದು ಐಸಿಯ ನೆನಪಿನಲ್ಲಿ ಉಳಿದಿರುತ್ತದೆ. ಪಾಠ ಸರಿಯಿದ್ದರೆ ತೂಕ ಸರಿ. ಪಾಠ ತಿದ್ದಿದರೆ ತೂಕವೂ ತಿದ್ದಿಹೋಗುತ್ತದೆ, ಐಸಿ ಅಷ್ಟೇ ನಿಷ್ಠೆಯಿಂದ ತಪ್ಪು ಹೇಳುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಬಂದು ಪರೀಕ್ಷಿಸಿ ತಂತಿ ಪೋಣಿಸಿ ಸೀಸದ ಮುದ್ರೆ ಒತ್ತುವುದು ಈ ಪಾಠ ಯಾರ ಕೈಗೂ ಸಿಗಬಾರದೆಂದೇ. ನಮ್ಮ ಜನ ತಕ್ಕಡಿಯ ಕೆಂಪು ಅಂಕಿಯನ್ನು ದಿಟ್ಟಿಸುತ್ತಾರೆ. ಆ ಮುದ್ರೆಯನ್ನು, ಅದರ ಮೇಲಿನ ವರ್ಷವನ್ನು ನೋಡುವವರು ಕಡಿಮೆ. ನೋಡಬೇಕು. ಕೇಳಬೇಕು. ಅದು ಯಾರನ್ನೂ ಅನುಮಾನಿಸಿದಂತಲ್ಲ, ಅದು ಹಾಲು ಹಾಕುವವರ ಹಕ್ಕು.

ಫ್ಯಾಟಿನ ಡಬ್ಬಿಯ ಕಥೆ ಇನ್ನೂ ಸೊಗಸು. ನಾನು ಹುಡುಗನಾಗಿದ್ದಾಗ ಡೈರಿಯಲ್ಲಿ ಗರ್ಬರ್ ಪರೀಕ್ಷೆ ನಡೆಯುತ್ತಿತ್ತು. ಗಾಜಿನ ಕೊಳವೆಗೆ 10 ಮಿಲಿಲೀಟರ್ ಗಂಧಕಾಮ್ಲ, ಅದರ ಮೇಲೆ 10.75 ಮಿಲಿಲೀಟರ್ ಹಾಲು, ಕೊನೆಗೆ 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್. ಬಿರಡೆ ಬಿಗಿದು ಕುಲುಕಿದರೆ ಕೊಳವೆ ಕೈ ಸುಡುವಷ್ಟು ಕಾಯುತ್ತಿತ್ತು. ಹಾಲು ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು. ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸಿದ ಮೇಲೆ ಕೊಬ್ಬು ಮೇಲೆ ನಿಂತು, ಕೊಳವೆಯ ಗೆರೆಗಳಲ್ಲಿ ಎಷ್ಟೆಂದು ಓದಬಹುದಿತ್ತು. ಆಗಿನ ಪರೀಕ್ಷಕರ ಅಂಗಿಯಲ್ಲಿ ಆಮ್ಲ ಹಾರಿದ ತೂತುಗಳು ಇದ್ದೇ ಇರುತ್ತಿದ್ದವು. ಆದರೆ ಕೊಬ್ಬು ಕಣ್ಣಿಗೆ ಕಾಣುತ್ತಿತ್ತು. ಹೆಂಗಸರು ಕೊಳವೆಯನ್ನು ಬೆಳಕಿಗೆ ಹಿಡಿದು ತಾವೇ ನೋಡಿ ಒಪ್ಪುತ್ತಿದ್ದರು.

ಈಗಿನ ಡಬ್ಬಿ ಹಾಲಿಗೆ ಶಬ್ದವನ್ನು ತೂರಿಸಿ ನೋಡುತ್ತದೆ. ನಮ್ಮ ಕಿವಿಗೆ ಕೇಳದಷ್ಟು ಕೀರಲು ಶಬ್ದ. ಕಾಸಿದಂತೆ ನೀರಿನಲ್ಲಿ ಶಬ್ದದ ವೇಗ ಹೆಚ್ಚುತ್ತದೆ, ಕೊಬ್ಬಿನಲ್ಲಿ ಕಡಿಮೆಯಾಗುತ್ತದೆ. ಹಾಗಾಗಿ ಒಂದೇ ಹಾಲನ್ನು ಎರಡು ಉಷ್ಣಾಂಶದಲ್ಲಿಟ್ಟು ಶಬ್ದದ ವೇಗ ಅಳೆದರೆ ಕೊಬ್ಬೆಷ್ಟು, ಎಸ್‌ಎನ್‌ಎಫ್ ಎನ್ನುವ ಉಳಿದ ಘನಾಂಶವೆಷ್ಟು ಎಂದು ಲೆಕ್ಕ ಹಾಕಬಹುದು. ಆ ಗುರ್ರೆನ್ನುವ ಹೊತ್ತು ಹಾಲು ಒಳಗೆ ಕಾಯುವ ಹೊತ್ತು. ಹಾಲಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು ಒಂದೂವರೆ ಸಾವಿರ ಮೀಟರ್ ಓಡುತ್ತದೆ. ಮೂರು ಸೆಂಟಿಮೀಟರ್ ದಾಟುವ ದಾರಿ ಎಂದಿಟ್ಟುಕೊಳ್ಳಿ, ಅದಕ್ಕೆ ಬೇಕಾಗುವುದು ಸೆಕೆಂಡಿನ ಹತ್ತು ಲಕ್ಷದ ಇಪ್ಪತ್ತು ಪಾಲು. 3.6ಕ್ಕೂ 4ಕ್ಕೂ ಇರುವ ವ್ಯತ್ಯಾಸವನ್ನು ಹಿಡಿಯಲು ಅದರಲ್ಲೂ ಸಣ್ಣ ಸಣ್ಣ ಪಾಲು ಎಣಿಸಬೇಕು. ಎಣಿಸುವುದು ಐಸಿ. ಹಾಲಿನಲ್ಲಿ ನೊರೆಯ ಗುಳ್ಳೆ ಇದ್ದರೆ ಶಬ್ದ ಅಲ್ಲಲ್ಲೇ ಎಡವಿ ಎಣಿಕೆ ತಪ್ಪುತ್ತದೆ. ಮೊದಲು ಕರೆದ ಹಾಲಿನಲ್ಲಿ ಕೊಬ್ಬು ಕಡಿಮೆ, ಕೊನೆಯಲ್ಲಿ ಹಿಂಡಿದ ಹಾಲಿನಲ್ಲಿ ಹೆಚ್ಚು. ಕರು ಕೊನೆಗೆ ಕುಡಿದರೆ ಆ ದಪ್ಪ ಹಾಲು ಕರುವಿನ ಪಾಲು. ಹಸುವಿನ ಹಾಲಿಗೆ 3.5 ಫ್ಯಾಟು, 8.5 ಎಸ್‌ಎನ್‌ಎಫ್ ಎಂಬ ಗೆರೆಯ ಮೇಲೆ ಕೆಳಗೆ ರೈತರ ದುಡ್ಡು ತೂಗಾಡುವಾಗ ಇವೆಲ್ಲವೂ ಹಾಲು ಹಾಕುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಸಂಗತಿ. ಮಿಷನ್ ಕೊಟ್ಟವರು ಹೇಳಿಕೊಡುವುದಿಲ್ಲ.

ಇಷ್ಟೆಲ್ಲ ಕೆಲಸವನ್ನು ಉಗುರಿನಷ್ಟು ತುಂಡಿಗೆ ತುಂಬಿದ್ದು ಹೇಗೆ? ಇದಕ್ಕೆ ನಮ್ಮ ಬ್ಯಾರನ್‌ನಿಂದಲೇ ಹೊರಡಬಹುದು. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಹದ ಮಾಡುವಾಗ ಹಸಿ ಎಲೆಗಳನ್ನು ಕೋಲಿಗೆ ದಾರದಿಂದ ಕಟ್ಟಿ ಬ್ಯಾರನ್ ಎನ್ನುವ ಬಿಸಿಕೋಣೆಯೊಳಗೆ ಸಾಲಾಗಿ ತೂಗುಹಾಕುತ್ತಾರೆ. ಒಂದೊಂದು ಕೋಲಿಗೂ ಸಾಲು ಸಾಲು ಗಂಟು, ಬ್ಯಾರನ್ ತುಂಬ ಕೋಲು. ಒಂದು ಗಂಟು ಸಡಿಲವಾಗಿ ಒಣಗಿದ ಎಲೆ ಕೆಳಗಿನ ಕಾದ ಪೈಪಿನ ಮೇಲೆ ಬಿದ್ದರೆ ಇಡೀ ಬ್ಯಾರನ್ ಹತ್ತಿಕೊಳ್ಳುತ್ತದೆ. ಎಲೆ ಕಟ್ಟುವವರ ಕೈ ಎಷ್ಟು ಪಳಗಿದ್ದರೂ ಗಂಟುಗಳ ಸಂಖ್ಯೆ ಹೆಚ್ಚಿದಂತೆ ಭಯವೂ ಹೆಚ್ಚುತ್ತದೆ. 1950ರ ದಶಕದಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳು ಸಿಕ್ಕಿಕೊಂಡಿದ್ದು ಇದೇ ಇಕ್ಕಟ್ಟಿನಲ್ಲಿ. 1947ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತ್ತು. ಅದು ನಾಲೆಯ ತೂಬಿನಂತೆ. ಕೆ.ಆರ್. ನಗರದ ಕಡೆ ಚಾಮರಾಜ ನಾಲೆಯ ತೂಬು ಎತ್ತಲು ಒಬ್ಬ ನೀರುಗಂಟಿಯ ಕೈ ಸಾಕು, ಹರಿಯುವ ನೀರು ಮಾತ್ರ ಗದ್ದೆಬಯಲಿಗೆಲ್ಲ ಆಗುವಷ್ಟು. ಟ್ರಾನ್ಸಿಸ್ಟರಿನಲ್ಲೂ ಒಂದು ಕಾಲಿಗೆ ಕೊಡುವ ಸಣ್ಣ ಕರೆಂಟು ಇನ್ನೊಂದು ದಾರಿಯ ದೊಡ್ಡ ಕರೆಂಟನ್ನು ಬಿಡುತ್ತದೆ, ತಡೆಯುತ್ತದೆ. ಇಂಥ ತೂಬುಗಳನ್ನು ಸಾವಿರಗಟ್ಟಲೆ ಜೋಡಿಸಿದರೆ ಲೆಕ್ಕ ಮಾಡುವ ಯಂತ್ರ ಸಿದ್ಧ. ಆದರೆ ಪ್ರತಿ ಟ್ರಾನ್ಸಿಸ್ಟರಿಗೂ ಮೂರು ಕಾಲು, ಪ್ರತಿ ಕಾಲಿಗೂ ಕೈಯಲ್ಲಿ ಹಾಕಿದ ಬೆಸುಗೆ. ಒಂದು ಬೆಸುಗೆ ಬಿಟ್ಟರೂ ಯಂತ್ರ ಸತ್ತಂತೆ.

ಜ್ಯಾಕ್ ಕಿಲ್ಬಿ ಎಂಬ ಎಂಜಿನಿಯರ್ 1958ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಗೆ ಹೊಸದಾಗಿ ಸೇರಿದ್ದರು. ಜುಲೈನಲ್ಲಿ ಎಲ್ಲರೂ ರಜೆಯ ಮೇಲೆ ಹೋದರು. ಹೊಸಬರಾದ ಕಿಲ್ಬಿಗೆ ರಜೆ ಇರಲಿಲ್ಲ. ಖಾಲಿ ಲ್ಯಾಬಿನಲ್ಲಿ ಕೂತು ಅವರಿಗೆ ಹೊಳೆದದ್ದು ಇಷ್ಟು: ಟ್ರಾನ್ಸಿಸ್ಟರು, ರೆಸಿಸ್ಟರು, ಕೆಪಾಸಿಟರು ಎಲ್ಲವನ್ನೂ ಬೇರೆ ಬೇರೆ ಮಾಡಿ ಬೆಸೆಯುವ ಬದಲು ಒಂದೇ ಅರೆವಾಹಕದ ಚೂರಿನಲ್ಲಿ ಒಟ್ಟಿಗೇ ಮಾಡಬಾರದೇಕೆ? ಆ ವರ್ಷದ ಸೆಪ್ಟೆಂಬರ್ 12ರಂದು ಒಂದು ಜರ್ಮೇನಿಯಂ ಚೂರನ್ನು ತಮ್ಮ ಮೇಲಧಿಕಾರಿಗಳ ಮುಂದಿಟ್ಟು ಸ್ವಿಚ್ ಒತ್ತಿದರು. ಪರದೆಯ ಮೇಲೆ ಅಲೆ ಮೂಡಿತು. ಆದರೆ ಚೂರಿನ ಒಳಗಿನ ಭಾಗಗಳನ್ನು ಜೋಡಿಸಲು ಮೇಲಿನಿಂದ ಚಿನ್ನದ ತಂತಿ ಎಳೆಯಬೇಕಾಗಿತ್ತು. ಗಂಟು ಪೂರ್ತಿ ಹೋಗಿರಲಿಲ್ಲ. ಮರುವರ್ಷ ಫೇರ್‌ಚೈಲ್ಡ್ ಕಂಪನಿಯ ರಾಬರ್ಟ್ ನಾಯ್ಸ್ ಅದನ್ನೂ ಬಿಡಿಸಿದರು. ಸಹೋದ್ಯೋಗಿ ಜೀನ್ ಹೋರ್ನಿ ಕಂಡುಹಿಡಿದ ವಿಧಾನವನ್ನು ಹಿಡಿದು, ಸಿಲಿಕಾನ್ ಮೇಲೆ ಗಾಜಿನಂಥ ಪದರ ಬೆಳೆಸಿ, ಅದರ ಮೇಲೆ ಅಲ್ಯೂಮಿನಿಯಂ ಗೆರೆಗಳನ್ನೇ ತಂತಿಯಾಗಿ ಹರಿಸಿದರು. ಕಿಲ್ಬಿಗೆ 2000ದಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ನಾಯ್ಸ್ 1990ರಲ್ಲೇ ತೀರಿಕೊಂಡಿದ್ದರು.

ಐಸಿ ತಯಾರಿಕೆಯನ್ನು ನಾನು ಮನೆಯಲ್ಲಿ ವಿವರಿಸಲು ಹೊರಟಾಗ ಅಮ್ಮ ಕೈಗೆತ್ತಿಕೊಂಡು ತೋರಿಸಿದ್ದು ರಂಗೋಲಿ ಅಚ್ಚು. ತೂತು ಕೊರೆದ ತಗಡನ್ನು ಹೊಸ್ತಿಲ ಮುಂದಿಟ್ಟು ಪುಡಿ ಸವರಿದರೆ ಚಿತ್ರ ಮೂಡುತ್ತದಲ್ಲ, ಹಾಗೆಯೇ. ಮರಳಿನಿಂದ ತೆಗೆದು ಶುದ್ಧಗೊಳಿಸಿದ ಸಿಲಿಕಾನ್ ದಿಂಡನ್ನು ಹಪ್ಪಳದಂತೆ ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಬಿಲ್ಲೆಯ ಮೇಲೆ ಬೆಳಕಿಗೆ ಸ್ಪಂದಿಸುವ ಲೇಪ ಹಚ್ಚಿ ಅಚ್ಚಿನ ಮೂಲಕ ಬೆಳಕು ಹಾಯಿಸುತ್ತಾರೆ. ಬೆಳಕು ಬಿದ್ದಲ್ಲಿ ಲೇಪ ಬದಲಾಗುತ್ತದೆ. ಬದಲಾದ ಕಡೆ ಕೊರೆದು, ಬೇಕಾದ ಬೆರಕೆಯನ್ನು ಸೇರಿಸಿ, ಇನ್ನೊಂದು ಪದರ ಬೆಳೆಸಿ, ಮತ್ತೊಂದು ಅಚ್ಚು. ಹೀಗೆ ಒಂದರ ಮೇಲೊಂದು ರಂಗೋಲಿ. ಅಮ್ಮನ ಅಚ್ಚಿನಲ್ಲಿ ಒಂದು ಸಲಕ್ಕೆ ಒಂದು ಹೂವು, ಇಲ್ಲಿ ಒಂದೇ ಬಿಲ್ಲೆಯಲ್ಲಿ ನೂರಾರು, ಸಾವಿರಾರು ಐಸಿಗಳು ಒಟ್ಟಿಗೇ ಮೂಡುತ್ತವೆ. ಅದಕ್ಕೇ ಒಂದರ ಬೆಲೆ ಇಳಿಯುವುದು. 1971ರಲ್ಲಿ ಬಂದ ಇಂಟೆಲ್ 4004ರಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರು. ಈಗಿನ ಒಳ್ಳೆಯ ಮೊಬೈಲಿನ ಮುಖ್ಯ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಮೇಲೆ.

ಆದರೆ ನಮ್ಮ ಹೊಲ ಮನೆಗಳಲ್ಲಿ ದುಡಿಯುವ ಐಸಿಗಳು ಹೆಚ್ಚಾಗಿ ಹಳೆಯ ಕುಲದವು. ಇದನ್ನು ನನಗೆ ಕಲಿಸಿದ್ದು ಒಂದು ಸಿಡಿಲು. ಯುಗಾದಿ ಕಳೆದು ಮೊದಲ ಮಳೆ ಬಂದ ರಾತ್ರಿ ನಮ್ಮ ತೋಟದ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ ಸತ್ತಿತು. ಬೆಳಿಗ್ಗೆ ತೆಗೆದರೆ ಸುಟ್ಟ ವಾಸನೆ. ಪೆಟ್ಟಿಗೆ ಮಾರಿದವರು ಬೋರ್ಡು ಪೂರ್ತಿ ಬದಲಿಸಬೇಕು, ಸಾವಿರಾರು ರೂಪಾಯಿ ಆಗುತ್ತದೆ ಎಂದರು. ಬಿಸಿಲು ಏರುತ್ತಿತ್ತು, ಶುಂಠಿ ಬಾಡುತ್ತಿತ್ತು. ಬೋರ್ಡು ಬಿಚ್ಚಿಕೊಂಡು ಹುಣಸೂರಿನ ಬಸ್ಸು ಹತ್ತಿದೆ.

ರಿಪೇರಿ ಅಂಗಡಿ ಎಂಬುದು ಎರಡು ಆಳು ನಿಲ್ಲುವಷ್ಟು ಜಾಗ. ಅಂಗಡಿಯವರು ಮೊದಲು ಬೋರ್ಡನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಹಳೆಯ ಟೂತ್‌ಬ್ರಷ್ಷಿನಿಂದ ಇರುವೆಗೂಡು, ಧೂಳು ಉಜ್ಜಿ ತೆಗೆದರು. ಕರೆಂಟು ಕೊಟ್ಟು ಒಂದೊಂದು ಐಸಿಯ ಬೆನ್ನಿನ ಮೇಲೂ ಬೆರಳಿಟ್ಟರು, ಮಗುವಿಗೆ ಜ್ವರ ನೋಡುವಂತೆ. ‘ಕೈ ಸುಟ್ರೆ ಒಳಗೆ ಶಾರ್ಟು’ ಎಂದರು. ಹದಿನಾಲ್ಕು ಕಾಲಿನ ಒಂದು ಐಸಿ ಸುಡುತ್ತಿತ್ತು. ಬೆನ್ನ ಮೇಲೆ ಎಲ್‌ಎಂ 324 ಎಂದು ಬರೆದಿತ್ತು. ಅಂಚಿನ ಕಚ್ಚನ್ನು ಎಡಕ್ಕೆ ಮಾಡಿ ಕಾಲು ಎಣಿಸಿ, ನಾಲ್ಕನೆಯದಕ್ಕೂ ಹನ್ನೊಂದನೆಯದಕ್ಕೂ ಮೀಟರಿನ ಮೊನೆ ಇಟ್ಟರು. ಈ ಐಸಿಗೆ ಕರೆಂಟು ಒಳಬರುವುದು ನಾಲ್ಕರಲ್ಲಿ, ಹೊರಹೋಗುವುದು ಹನ್ನೊಂದರಲ್ಲಿ ಎಂಬುದನ್ನು ಅವರು ಯಾವ ಪುಸ್ತಕವನ್ನೂ ನೋಡದೆ ಹೇಳಿದರು.

ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಅದರ ಕೆಲಸ ಏನೆಂದು ಕೇಳಿದೆ. ಮೂರು ಫೇಸಿನಲ್ಲಿ ಒಂದು ಹೋದರೂ ಮೋಟಾರು ಎರಡರ ಮೇಲೆ ತಿಣುಕಿ ತಿಣುಕಿ ವೈಂಡಿಂಗು ಸುಟ್ಟುಕೊಳ್ಳುತ್ತದೆ. ಈ ಐಸಿಯ ಒಳಗೆ ಇರುವ ನಾಲ್ಕು ಭಾಗಗಳು ಒಂದೊಂದೂ ಎರಡು ವೋಲ್ಟುಗಳನ್ನು ಸದಾ ಪಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಎಂದು ನೋಡುತ್ತಿರಬಲ್ಲವು. ಒಂದು ಫೇಸು ಬಿದ್ದ ಕೂಡಲೇ ಹೋಲಿಕೆ ತಲೆಕೆಳಗಾಗುತ್ತದೆ, ರಿಲೇ ಕಟ್ ಎನ್ನುತ್ತದೆ, ಮೋಟಾರು ಉಳಿಯುತ್ತದೆ. 1970ರ ದಶಕದ ಐಸಿ ಇದು. ಐವತ್ತು ವರ್ಷವಾದರೂ ಪ್ರಪಂಚದಾದ್ಯಂತ ಇನ್ನೂ ತಯಾರಾಗುತ್ತಿದೆ. ಅಂಗಡಿಯವರು ಡಬ್ಬಿಯಿಂದ ಒಂದು ತೆಗೆದು, ಹಳೆಯದರ ಕಾಲಿನ ಲೆಡ್ಡು ಕರಗಿಸಿ ಕಿತ್ತು, ಹೊಸದನ್ನು ಕೂರಿಸಿದರು. ಐಸಿಗೆ ಹದಿನೈದು ರೂಪಾಯಿ, ಕೂಲಿ ನೂರೈವತ್ತು. ಸಂಜೆ ಮೂರು ಫೇಸು ಬಂದಾಗ ಮೋಟಾರು ತಿರುಗಿತು. ಶುಂಠಿಯ ಮಡಿಗಳಿಗೆ ನೀರು ಹರಿಯುತ್ತಿದ್ದುದನ್ನು ನೋಡುತ್ತ ನಾನು ಆ ಹದಿನೈದು ರೂಪಾಯಿಯನ್ನೇ ನೆನೆಯುತ್ತಿದ್ದೆ.

ಆ ಅಂಗಡಿಯವರ ದುಃಖ ಬೇರೆ ಇತ್ತು. ಈಚಿನ ಬೋರ್ಡುಗಳಲ್ಲಿ ತಯಾರಕರು ಐಸಿಯ ನಂಬರನ್ನು ಉಜ್ಜಿ ಅಳಿಸಿ ಕಳಿಸುತ್ತಾರೆ. ಇನ್ನು ಕೆಲವು ಅಗ್ಗದ ತಕ್ಕಡಿಗಳಲ್ಲಿ ಐಸಿಗೆ ಕಾಲೂ ಇಲ್ಲ, ಬೆನ್ನೂ ಇಲ್ಲ. ಸಿಲಿಕಾನ್ ಚೂರನ್ನು ನೇರ ಬೋರ್ಡಿಗೆ ಅಂಟಿಸಿ ಮೇಲೆ ಕಪ್ಪು ಗೋಂದಿನ ಬೊಟ್ಟು ಇಟ್ಟುಬಿಡುತ್ತಾರೆ. ‘ನಂಬರ್ ಇದ್ರೆ ನಾವು ಓದ್ತೀವಿ ಸಾರ್. ಅಳಿಸಿಬಿಟ್ರೆ ಏನ್ ಓದೋದು?’ ನಂಬರು ಅಳಿಸುವುದೆಂದರೆ ನಮ್ಮ ಊರಿನ ಕೈಯನ್ನು ಕಟ್ಟಿಹಾಕುವುದೆಂದೇ ನನ್ನ ಎಣಿಕೆ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಮೊಬೈಲು, ಗೃಹೋಪಯೋಗಿ ವಸ್ತು, ವಾಹನಗಳ ಜೊತೆಗೆ ಕೃಷಿ ಉಪಕರಣಗಳನ್ನೂ ಪಟ್ಟಿಯಲ್ಲಿ ಸೇರಿಸಿತು. ರೈತ ಸಂಘಟನೆಗಳು ಬೆಂಬಲ ಬೆಲೆಗೆ ಕೂಗುವಷ್ಟೇ ಜೋರಾಗಿ ಇದಕ್ಕೂ ಕೂಗಬೇಕು.

ಕೆ.ಆರ್. ನಗರದ ಮಿಲ್ಲುಗಳಲ್ಲಿ ಐಸಿಗೆ ಕಣ್ಣು ಬಂದಿದೆ. ಜನ ಸಾರ್ಟೆಕ್ಸ್ ಎಂದೇ ಕರೆಯುವ ಯಂತ್ರದಲ್ಲಿ ಅಕ್ಕಿ ಇಳಿಜಾರಿನ ಕಾಲುವೆಗಳಲ್ಲಿ ಜಾರಿ ಕೆಳಗೆ ಬೀಳುತ್ತದೆ. ಬೀಳುವ ದಾರಿಯಲ್ಲೇ ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದೆ. ಕಪ್ಪು ಕಾಳು, ಕಲ್ಲು, ಹಳದಿ ಅಕ್ಕಿ ಕಂಡರೆ ಕೆಳಗಿನ ನಳಿಗೆಯಿಂದ ಗಾಳಿಯ ಪೆಟ್ಟು ಬಿದ್ದು ಅದೊಂದೇ ಕಾಳು ಪಕ್ಕಕ್ಕೆ ಹಾರುತ್ತದೆ. ಪಟಪಟ ಎಂದು ಮಳೆ ಹನಿಯಂತೆ ಕೇಳುವುದು ಅದೇ ಸದ್ದು. ಬೆಳಕನ್ನು ವಿದ್ಯುತ್ತಾಗಿ ಹಿಡಿಯುವ ಇಂಥ ಕಣ್ಣಿನ ಐಸಿಯನ್ನು 1969ರಲ್ಲಿ ರೂಪಿಸಿದ ವಿಲ್ಲರ್ಡ್ ಬಾಯ್ಲ್, ಜಾರ್ಜ್ ಸ್ಮಿತ್ ಇಬ್ಬರಿಗೂ 2009ರಲ್ಲಿ ನೊಬೆಲ್ ಬಂತು. ಮೊರದಲ್ಲಿ ಕೇರಿ ಕಲ್ಲು ಆರಿಸುತ್ತಿದ್ದ ಹೆಂಗಸರ ಕೂಲಿ ಆ ಪಟಪಟದಲ್ಲಿ ಹೋಯಿತೆಂಬುದನ್ನೂ ಬರೆಯದಿದ್ದರೆ ತಪ್ಪಾಗುತ್ತದೆ.

ಎಚ್.ಡಿ. ಕೋಟೆಯ ಕಡೆ ಐಸಿಯ ಕೆಲಸ ಜೀವದ್ದು. ನಾಗರಹೊಳೆಯ ಅಂಚಿನ ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟು ಹರಿಯುತ್ತದೆ, ಆದರೂ ಆನೆ ಸಾಯುವುದಿಲ್ಲ. ಕಾರಣ ಸಮಯ. ಪೆಟ್ಟಿಗೆಯೊಳಗಿನ ಸರ್ಕಿಟು ಕೆಪಾಸಿಟರಿನಲ್ಲಿ ವಿದ್ಯುತ್ತು ತುಂಬಿ, ಸೆಕೆಂಡಿಗೊಮ್ಮೆ ಮಾತ್ರ, ಅದೂ ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಬೇಲಿಗೆ ಬಿಡುತ್ತದೆ. ಆನೆಗೆ ಪೆಟ್ಟು ತಾಗುತ್ತದೆ, ಹಿಂದೆ ಸರಿಯಲು ಬಿಡುವೂ ಸಿಗುತ್ತದೆ. ಕಂಬದ ಲೈನಿನಿಂದ ನೇರ ಬೇಲಿಗೆ ಕರೆಂಟು ಎಳೆದರೆ ಆ ಬಿಡುವು ಇರುವುದಿಲ್ಲ. ಆಗ ಆನೆಯೂ ಸಾಯುತ್ತದೆ, ರಾತ್ರಿ ಗದ್ದೆಗೆ ಹೋದ ಮನುಷ್ಯರೂ ಸಾಯುತ್ತಾರೆ. ಟಿಕ್‌ ಟಿಕ್ ಎಂದು ಲೆಕ್ಕ ಇಡುವ ಆ ಪುಟ್ಟ ಸರ್ಕಿಟ್ಟೇ ಎರಡೂ ಬೇಲಿಗಳ ನಡುವಿನ ವ್ಯತ್ಯಾಸ.

ಇವೆಲ್ಲ ಎಲ್ಲಿ ತಯಾರಾಗುತ್ತವೆ? ಬೆಂಗಳೂರಿನ ಬಿಇಎಲ್ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರು, 1967ರಲ್ಲಿ ಸಿಲಿಕಾನ್ ಸಾಧನ ಮತ್ತು ಐಸಿಗಳ ತಯಾರಿಕೆಗೆ ಕೈ ಹಾಕಿತ್ತು. ಕಿಲ್ಬಿಯ ಐಸಿಗೆ ಹತ್ತು ವರ್ಷವೂ ಆಗಿರಲಿಲ್ಲ, ನಮ್ಮ ರಾಜ್ಯದಲ್ಲಿ ಆ ಕೆಲಸ ಶುರುವಾಗಿತ್ತು ಎಂದು ನೆನೆದರೆ ಹೆಮ್ಮೆಯೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ. 1985ರಲ್ಲಿ ಕಿಲ್ಬಿಯ ಕಂಪನಿಯೇ ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ಗೆ ಬಂತು. ಅದರ ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನಗಾಡಿಯಲ್ಲಿ ಹೋದ ಕಥೆ ಈಗಲೂ ಓಡಾಡುತ್ತದೆ. ಆಮೇಲೆ ಇಲ್ಲಿ ವಿನ್ಯಾಸ ಬೆಳೆಯಿತು. ಈಗ ಪ್ರಪಂಚದ ಚಿಪ್ ವಿನ್ಯಾಸದ ಎಂಜಿನಿಯರುಗಳಲ್ಲಿ ಐದರಲ್ಲಿ ಒಬ್ಬರು ಭಾರತದವರು ಎನ್ನುತ್ತಾರೆ. ಆದರೆ ಬಿಲ್ಲೆ ಕೊಯ್ದು ರಂಗೋಲಿ ಮೂಡಿಸುವ ದೊಡ್ಡ ಕಾರ್ಖಾನೆ ಮಾತ್ರ ಹೊರಗೇ ಉಳಿಯಿತು.

ಅದು ನಮ್ಮ ಜಿಲ್ಲೆಗೇ ಬರುವುದಿತ್ತು. 2022ರ ಮೇ 1ರಂದು ಐಎಸ್‌ಎಂಸಿ ಎಂಬ ಸಂಸ್ಥೆ ರಾಜ್ಯ ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಮೈಸೂರು ಬಳಿಯ ಕೋಚನಹಳ್ಳಿಯಲ್ಲಿ 150 ಎಕರೆ, 22,900 ಕೋಟಿ ರೂಪಾಯಿ. ಅಲ್ಲಿ ತಯಾರಾಗಬೇಕಿದ್ದದ್ದು ಅನಲಾಗ್ ಚಿಪ್. ಪೇಪರಿನವರು ಇದನ್ನು ಮೊಬೈಲು, ಕಂಪ್ಯೂಟರಿನ ಮಾತಾಗಿಯೇ ಬರೆದರು. ಅನಲಾಗ್ ಎಂದರೆ ಡೈರಿಯ ದಿಂಡಿನ ಪಿಸುಮಾತು ಕೇಳುವ, ಮೂರು ಫೇಸುಗಳನ್ನು ಹೋಲಿಸುವ ಐಸಿಗಳ ಕುಲ. ಲೋಕದ ಬಿಸಿ, ಭಾರ, ಬೆಳಕು, ಸದ್ದುಗಳನ್ನು ಮುಟ್ಟಿ ನೋಡುವ ಕುಲ. ನಮ್ಮ ತಾಲ್ಲೂಕುಗಳಿಗೆ ದಿನಬೆಳಗಾದರೆ ಬೇಕಾದದ್ದು ಅದೇ. ತಂತ್ರಜ್ಞಾನ ಕೊಡಬೇಕಿದ್ದ ಇಸ್ರೇಲಿನ ಟವರ್ ಕಂಪನಿಯನ್ನು ಇಂಟೆಲ್ ಕೊಳ್ಳಲು ಹೊರಟು, 2023ರ ಆಗಸ್ಟ್‌ನಲ್ಲಿ ಆ ಖರೀದಿಯೂ ಮುರಿದುಬಿತ್ತು. ಕೋಚನಹಳ್ಳಿಗೆ ಕಾರ್ಖಾನೆ ಬರಲಿಲ್ಲ.

1988ರಲ್ಲಿ ಮೈಸೂರಿನಲ್ಲೇ ಹುಟ್ಟಿ, ಬೋರ್ಡಿಗೆ ಐಸಿ ಕೂರಿಸುವ ಕೆಲಸದಲ್ಲಿ ಬೆಳೆದ ಕೇನ್ಸ್ ಕಂಪನಿಯ ಚಿಪ್ ಜೋಡಣೆ ಘಟಕಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ದಿನಕ್ಕೆ 60 ಲಕ್ಷ ಚಿಪ್ಪುಗಳ ಗುರಿ. ಆದರೆ ಘಟಕ ಎದ್ದದ್ದು ಗುಜರಾತಿನ ಸಾನಂದದಲ್ಲಿ. ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಬೋರ್ಡುಗಳನ್ನು ತಯಾರಿಸುತ್ತದೆ. ಬೋರ್ಡು ಇಲ್ಲಿದೆ, ಬೆಸುಗೆಯ ಕೈ ಇಲ್ಲಿದೆ, ಬೆರಳಿಟ್ಟು ಜ್ವರ ನೋಡುವವರು ಹುಣಸೂರಿನ ಗಲ್ಲಿಯಲ್ಲಿದ್ದಾರೆ. ಪಿರಿಯಾಪಟ್ಟಣದ ಐಟಿಐ ಮುಗಿಸಿದ ಹುಡುಗಿಯೊಬ್ಬಳು ಎಲ್‌ಎಂ 324ರ ಕಾಲು ಎಣಿಸುವುದನ್ನು ಕಲಿತರೆ ಅವಳಿಗೆ ಕೆಲಸ ಹುಡುಕಿಕೊಂಡು ಸಾನಂದದವರೆಗೆ ಹೋಗಬೇಕಾದ ಗತಿ ಬರಬಾರದೆಂದು ನನ್ನ ಆಸೆ.

ಆ ಬೆಳಿಗ್ಗೆ ಡೈರಿಯಲ್ಲಿ ಮಾತು ಅಲ್ಲಿಗೇ ನಿಲ್ಲದಂತೆ ನಾನು ಸ್ವಲ್ಪ ಬಾಯಿ ಹಾಕಿದೆ. ನೊರೆ ಇಳಿಯಲಿ, ಆಮೇಲೆ ಇನ್ನೊಮ್ಮೆ ನೋಡಿ ಎಂದೆ. ಸೆಕ್ರೆಟರಿ ಬೇಸರಪಡಲಿಲ್ಲ. ಸೌಟಿನಿಂದ ಹಾಲನ್ನು ತಳದವರೆಗೂ ಮೆಲ್ಲನೆ ತಿರುವಿ, ಎರಡು ನಿಮಿಷ ಬಿಟ್ಟು, ಮತ್ತೆ ಲೋಟ ಹಿಡಿದರು. ಡಬ್ಬಿ ಹೀರಿಕೊಂಡಿತು, ಗುರ್ರೆಂದಿತು. ಎಲ್ಲರೂ ಆ ಸಣ್ಣ ಪರದೆಯನ್ನೇ ನೋಡುತ್ತಿದ್ದೆವು. 3.8 ಬಂತು.

‘ನಾಕೇನೂ ಆಗ್ಲಿಲ್ವಲ್ಲಣ್ಣ’ ಎಂದರು ಆಕೆ. ‘ಬೆಳಿಗ್ಗೆ ಕರ ಜಾಸ್ತಿ ಕುಡ್ಕೊಂಬುಡ್ತು ಅನ್ಸ್ತದೆ.’ ಹೊಸ ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಹೋಗುವ ಮುಂಚೆ ಬಗ್ಗಿ ತಕ್ಕಡಿಯ ಪಕ್ಕದ ತಂತಿಯನ್ನೂ ಅದರ ತುದಿಯ ಸೀಸದ ಮುದ್ರೆಯನ್ನೂ ಬೆರಳಿನಿಂದ ಮುಟ್ಟಿ, ‘ಇದರಲ್ಲಿ ಯಾವ ವರ್ಷ ಬರ್ದದೆ?’ ಎಂದು ಕೇಳಿದರು. ಸೆಕ್ರೆಟರಿ ಕನ್ನಡಕ ಹಾಕಿಕೊಂಡು ಓದಿ ಹೇಳಿದರು. ಅದೇ ವರ್ಷದ್ದಿತ್ತು.